ನೆರಳಿಗೆ ಬಂದ ಬಹುಮಾನ

ಮೊನ್ನೆ ಸಾರಿನ ಪುಡಿ ಮಾಡೋಣವೆಂದು ಕೊತ್ತಂಬರಿ ಬೀಜದ ಡಬ್ಬಿಯನ್ನು ಮೊರಕ್ಕೆ ಸುರಿದೆ. ಹಳೆಯದು ಮುಗಿಯುವ ಮೊದಲೇ ಅದರ ಮೇಲೆ ಹೊಸದನ್ನು ಹಾಕಿಡುವುದು ನನ್ನ ಅಭ್ಯಾಸ. ಹಾಗಾಗಿ ಆ ಡಬ್ಬಿಯ ತಳ ಕಂಡು ಬಹಳ ಕಾಲವಾಗಿತ್ತು. ಕಡೆಯ ಹಿಡಿ ಬೀಜದ ಜೊತೆಗೆ ಮೊರದೊಳಗೆ ಒಂದು ಮರ ಬಿತ್ತು.

ನಗಬೇಡಿ, ಮರವೇ. ಕೊತ್ತಂಬರಿ ಗಿಡ ಬೀಜ ಕಟ್ಟಿ ಒಣಗಿದ ಮೇಲೆ ತುದಿಯಲ್ಲಿ ಬಿಚ್ಚಿದ ಕೊಡೆಯ ಹಾಗೆ ಒಂದು ಗೊಂಚಲು ನಿಲ್ಲುತ್ತದಲ್ಲ, ಅದನ್ನು ಕಡ್ಡಿಯ ಸಮೇತ ಕತ್ತರಿಸಿ, ಬುಡಕ್ಕೆ ಒಂದು ತೊಟ್ಟು ಗೋಂದು ಹಚ್ಚಿ ನಿಲ್ಲಿಸಿದ್ದ ಮರ. ನನ್ನ ಕಿರುಬೆರಳಿನಷ್ಟು ಎತ್ತರ. ಮೂಗಿನ ಹತ್ತಿರ ಹಿಡಿದೆ. ಮೊದಲು ಕೊತ್ತಂಬರಿ, ಅದರ ಹಿಂದೆಯೇ ಸಣ್ಣಗೆ ಗೋಂದಿನ ವಾಸನೆ. ಒಂದು ಬೇಸಿಗೆಯಿಡೀ ನನ್ನ ಅಡುಗೆಮನೆ ಇದೇ ವಾಸನೆಯಲ್ಲಿತ್ತು. ಒಗ್ಗರಣೆ ಹಾಕಿದರೂ ಗೋಂದು, ಕಾಫಿ ಬಸಿದರೂ ಗೋಂದು. ನನ್ನ ಮಗಳು ಶಾಂಭವಿ ನಮ್ಮ ಊಟದ ಮೇಜನ್ನು ಹಿಡಿದುಕೊಂಡು ಅದರ ಮೇಲೆ ಒಂದು ತೋಪು ಕಟ್ಟುತ್ತಿದ್ದ ಬೇಸಿಗೆ ಅದು. ನಾವು ಗಂಡಹೆಂಡತಿ ನೆಲದ ಮೇಲೆ ಕೂತು ಊಟ ಮಾಡುತ್ತಿದ್ದೆವು.

ನಮ್ಮದು ಮಧುಗಿರಿಯಲ್ಲಿ ಸಿಮೆಂಟು, ಕಬ್ಬಿಣದ ಅಂಗಡಿ. ನಮ್ಮವರ ಪ್ರಕಾರ ಪ್ರಪಂಚದಲ್ಲಿ ಎರಡೇ ಬಗೆಯ ಜಾಗಗಳಿವೆ, ಕಟ್ಟಿದ್ದು ಮತ್ತು ಇನ್ನೂ ಕಟ್ಟಬೇಕಾದ್ದು. ಮಗಳು ಆರ್ಕಿಟೆಕ್ಚರ್ ಸೇರಿದಾಗ ಅವರಿಗಾದ ಹಿಗ್ಗನ್ನು ನೀವು ನೋಡಬೇಕಿತ್ತು. ಅಂಗಡಿಗೆ ಬಂದವರಿಗೆಲ್ಲ, ಇನ್ನು ಸ್ವಲ್ಪ ವರ್ಷ ತಡೆಯಿರಿ, ಪ್ಲಾನೂ ನಮ್ಮಲ್ಲೇ ಸಿಗುತ್ತೆ ಎನ್ನುತ್ತಿದ್ದರು. ಓದು ಮುಗಿಯುವ ವರ್ಷ ಅವಳು ಮುಂದೆ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಚರ್ ಓದುತ್ತೇನೆ ಎಂದಳು. ನಮ್ಮವರು ಮೊಸರನ್ನದಲ್ಲಿ ಬೆರಳಿಟ್ಟುಕೊಂಡು ಕೇಳಿದರು.

"ಅಂದ್ರೆ ಏನಮ್ಮ ಅದು?"

"ಕಟ್ಟಡದ ಆಚೆ ಇರೋದು ಅಪ್ಪ. ಮರ, ನೀರು, ನೆಲ, ದಾರಿ. ಜನ ಕೂರೋ ಜಾಗ, ನಡೆಯೋ ಜಾಗ."

"ಅದಕ್ಕೂ ಎರಡು ವರ್ಷ ಓದ್ಬೇಕಾ?" ಎಂದವರು ನನ್ನ ಕಡೆ ತಿರುಗಿ, "ನೋಡೇ, ನಿನ್ನ ಮಗಳು ಬಯಲು ಕಟ್ತಾಳಂತೆ" ಎಂದರು.

ಅವರು ಕೆಟ್ಟವರಲ್ಲ. ಮಗಳ ಮೇಲೆ ದನಿಯೆತ್ತಿದ್ದನ್ನು ನಾನು ಕಂಡಿಲ್ಲ. ಆದರೆ ತೂಕಕ್ಕೆ ಹಾಕಲಾಗದ ವಸ್ತುವನ್ನು ನಂಬುವುದು ಅವರಿಗೆ ಕಷ್ಟ. ಎರಡು ದಿನ ಯೋಚಿಸಿ ಒಂದು ತೀರ್ಮಾನಕ್ಕೆ ಬಂದರು. "ನನಗೆ ತಿಳಿಯದ ವಿಷಯ ಇದು. ತಿಳಿದ ಮೂರನೆಯವರು ಯಾರಾದ್ರೂ ನೋಡಿ, ಈ ಹುಡುಗಿ ಇದನ್ನ ಓದ್ಬೇಕಾದ್ದೇ ಅಂತ ಸ್ಕಾಲರ್‌ಶಿಪ್ ಕೊಟ್ರೆ ಹೋಗು, ಸಂತೋಷವಾಗಿ ಕಳಿಸ್ತೀನಿ. ಕೊಡ್ಲಿಲ್ವಾ, ತುಮಕೂರಲ್ಲಿ ನನ್ನ ಸ್ನೇಹಿತರ ಆಫೀಸಿದೆ, ಮನೆ ಪ್ಲಾನ್ ಬರೀತಾ ಇರು." ಶಾಂಭವಿ ವಾದ ಮಾಡಲಿಲ್ಲ. ಸರಿ ಅಪ್ಪ ಎಂದಳು. ಅವಳ ತಟ್ಟೆಯಲ್ಲಿ ಅನ್ನ ಹಾಗೇ ಉಳಿದದ್ದನ್ನು ನಾನು ನೋಡಿದೆ.

ಬಹುಮಾನದ ವಿಷಯದಲ್ಲಿ ನನ್ನ ಅನುಭವವೂ ಅಷ್ಟಕ್ಕಷ್ಟೆ. ನಾನು ಓದಿದ್ದು ತುಮಕೂರಿನ ಕಾನ್ವೆಂಟಿನಲ್ಲಿ, ಹಾಸ್ಟೆಲಿನಲ್ಲಿದ್ದುಕೊಂಡು. ಅಲ್ಲಿ ಲೆಕ್ಕಕ್ಕೆ, ಹಾಡಿಗೆ, ಓಟಕ್ಕೆ ಬಹುಮಾನಗಳಿದ್ದವು. ಇವು ಯಾವುದೂ ಬಾರದ ಹುಡುಗಿಯರ ಪುಣ್ಯಕ್ಕೆ ಅಚ್ಚುಕಟ್ಟಿಗೂ ಒಂದು ಬಹುಮಾನವಿತ್ತು. ವರ್ಷ ಬಿಡದೆ ಅದು ನನಗೇ ಬರುತ್ತಿತ್ತು. ಉಗುರು ಕತ್ತರಿಸಿರಬೇಕು, ಜಡೆಯ ರಿಬ್ಬನ್ ಎರಡೂ ಕಡೆ ಸಮವಿರಬೇಕು, ಡೆಸ್ಕಿನ ಕೆಳಗೆ ಕಾಗದದ ಚೂರು ಇರಬಾರದು. ನಮ್ಮ ಸಿಸ್ಟರ್ ನನ್ನ ಬೆನ್ನು ತಟ್ಟಿ ಒಂದು ಸೋಪಿನ ಡಬ್ಬಿ ಕೊಡುತ್ತಿದ್ದರು. ಅಂಥ ಡಬ್ಬಿಗಳು ನನ್ನ ಮದುವೆಯ ಟ್ರಂಕಿನಲ್ಲೂ ಬಂದವು. ಈಗಲೂ ನಮ್ಮ ಮನೆಯ ಮುಂದೆ ಒಂದು ಎಲೆ ಬಿದ್ದರೆ ನನ್ನ ಕೈ ತಾನಾಗಿ ಪೊರಕೆ ಹುಡುಕುತ್ತದೆ, ಅಥವಾ ಮೊನ್ನೆ ಮೊನ್ನೆಯವರೆಗೂ ಹುಡುಕುತ್ತಿತ್ತು. ಅದನ್ನು ಆಮೇಲೆ ಹೇಳುತ್ತೇನೆ.

ವಿದ್ಯಾರ್ಥಿವೇತನವೆಂದರೆ ಅಂಕಕ್ಕೆ ಕೊಡುವುದು ಎಂದೇ ನಾನು ತಿಳಿದಿದ್ದೆ. ಶಾಂಭವಿ ಕಂಪ್ಯೂಟರಿನಲ್ಲಿ ಒಂದೊಂದನ್ನೇ ತೆಗೆದು ತೋರಿಸಿದಾಗ ಬೆರಗಾಯಿತು. ಒಂದೇ ಜಾಗವನ್ನು ವರ್ಷವಿಡೀ ನೋಡಿ ಚಿತ್ರ ಬರೆದವರಿಗೆ ಒಂದು ಪುರಸ್ಕಾರ. ಊರೂರು ತಿರುಗಿ ಹಳೆಯ ತೋಟಗಳನ್ನು ಕಂಡುಬರಲು ಒಂದು. ಮಳೆನೀರು ಹೇಗೆ ಹರಿದುಹೋಗುತ್ತದೆಂದು ಚೆನ್ನಾಗಿ ವಿವರಿಸಿದವರಿಗೆ ಒಂದು. ಅವಳು ಕಡೆಗೆ ಆರಿಸಿಕೊಂಡದ್ದು, ತೀರಿಹೋದ ತಮ್ಮ ತಾಯಿಯ ಹೆಸರಿನಲ್ಲಿ ಯಾರೋ ಮಕ್ಕಳು ಇಟ್ಟದ್ದು. ಆ ತಾಯಿಗೆ ಮರಗಳೆಂದರೆ ಪ್ರಾಣವಂತೆ. ಊರಿನ ಒಂದು ಸಾಧಾರಣ ಜಾಗವನ್ನು ಆರಿಸಿ, ಅದನ್ನು ಅರ್ಥ ಮಾಡಿಕೊಂಡು, ಅದಕ್ಕೆ ಏನು ಬೇಕು, ಏನು ಬೇಡ ಎಂದು ಹೇಳಬೇಕು. ಗೆದ್ದವರಿಗೆ ಮುಂದಿನ ಓದಿನ ಎರಡು ವರ್ಷದ ಖರ್ಚು.

ಶಾಂಭವಿ ಜಾಗ ಹುಡುಕುತ್ತಾ ನಮ್ಮ ಸುತ್ತಿನ ನಾಲ್ಕು ತಾಲ್ಲೂಕುಗಳನ್ನು ಬಸ್ಸಿನಲ್ಲಿ ಸುತ್ತಿದಳು. ಶಿರಾದಲ್ಲಿ ಹಳೆಯ ಗೋರಿಯ ಅಂಗಳ ನೋಡಿದಳು, ಕೊರಟಗೆರೆಯ ಕಡೆ ಕೆರೆ ಏರಿ ನೋಡಿದಳು, ಪಾವಗಡದ ರಾಯಚರ್ಲುವಿನ ತನಕ ಹೋಗಿ ಸೋಲಾರ್ ಹಲಗೆಗಳ ಸಾಲು ನೋಡಿ ಬಂದಳು. ಕಡೆಗೆ ಬಂದು ನಿಂತದ್ದು ನನ್ನ ತವರಿಗೆ, ಐ.ಡಿ.ಹಳ್ಳಿ ಹೋಬಳಿಯ ಒಂದು ಸಣ್ಣ ಊರಿಗೆ. ಆ ಊರ ಮುಂದೆ ಒಂದು ಗುಂಡುತೋಪಿದೆ. ಹುಣಸೆ, ಹೊಂಗೆ, ಬೇವು, ಒಂದು ಮುದಿ ಆಲ. ಯಾರಿಗೂ ಸೇರಿದ್ದಲ್ಲ, ಹಾಗಾಗಿ ಎಲ್ಲರದು. ಯಾವ ಕಾಲದಲ್ಲೋ ಮಕ್ಕಳಿಲ್ಲದ ಹೆಂಗಸೊಬ್ಬಳು ನೆಡಿಸಿದ್ದೆಂದು ಹೇಳುತ್ತಾರೆ. ಅವಳ ಹೆಸರು ಯಾರಿಗೂ ನೆನಪಿಲ್ಲ. ನಾನು ಅಲ್ಲಿ ಕುಂಟೆಬಿಲ್ಲೆ ಆಡಿ ಬೆಳೆದವಳು. ಅದರಲ್ಲಿ ನೋಡುವಂಥದ್ದು ಏನಿದೆ ಎಂದು ನನಗೂ ಅನ್ನಿಸಿತು.

ಅಲ್ಲಿ ನೋಡುವಂಥದ್ದು ಇತ್ತು. ಹುಣಸೆಯ ಸುಗ್ಗಿಯಲ್ಲಿ ಊರ ಹೆಂಗಸರು ಬೆಳಗಿನಿಂದ ಸಂಜೆಯವರೆಗೆ ಆ ತೋಪಿನಲ್ಲಿ ಕೂತು ಹಣ್ಣು ಕುಟ್ಟಿ ಬೀಜ ತೆಗೆಯುತ್ತಾರೆ. ಕುಟ್ಟಲು ಒಬ್ಬೊಬ್ಬರಿಗೂ ಅವರವರದೇ ಕಲ್ಲು. ಬೆಳಗ್ಗೆ ಹುಣಸೆಮರದ ಪಡುವಣ ಮಗ್ಗುಲು, ಬಿಸಿಲು ನೆತ್ತಿಗೆ ಬಂದಾಗ ನಡುವಿನ ಹೊಂಗೆಯ ಬುಡ, ಇಳಿಹೊತ್ತಿಗೆ ಆಲದ ಮೂಡಲು. ನೆರಳು ಸರಿದಂತೆ ಹೆಂಗಸರು ಸರಿಯುತ್ತಾರೆ. ಯಾರೂ ಏಳಿ ಎನ್ನುವುದಿಲ್ಲ, ಮಾತು ನಿಲ್ಲುವುದಿಲ್ಲ, ಮಾತಿನ ಜೊತೆಗೇ ಎದ್ದು ಹೋಗಿ ಆಚೆ ಕೂರುತ್ತಾರೆ. ಬೆಳಗಿನ ಕಲ್ಲು ಬೇರೆ, ಮಧ್ಯಾಹ್ನದ ಕಲ್ಲು ಬೇರೆ, ಕೂತ ಕೂತಲ್ಲೇ ಅವು ನೆಲಕ್ಕೆ ಕಚ್ಚಿಕೊಂಡಿವೆ. ಶಾಂಭವಿ ಮಾಡಿದ್ದು ಇಷ್ಟೆ. ಅಲ್ಲಿ ದಿನಗಟ್ಟಲೆ ಕೂತು, ದಿನದ ಮೂರು ಹೊತ್ತಿನ ನೆರಳನ್ನು ಮೂರು ಬಣ್ಣದಲ್ಲಿ ಬರೆದು, ಯಾರ ಕಲ್ಲು ಎಲ್ಲಿ ಎಂದು ಗುರುತು ಮಾಡಿದಳು. ಅಲ್ಲಿ ಏನೂ ಕಟ್ಟಬೇಡಿ, ಮುದಿ ಮರ ಬೀಳುವ ಮೊದಲೇ ಅದರ ನೆರಳು ಬೀಳುವಲ್ಲಿಗೆ ಸರಿಯಾಗಿ ಇನ್ನೊಂದು ಸಸಿ ಬೆಳೆಸಿರಿ, ಈ ಸರಪಳಿ ಕಡಿಯದಿರಲಿ ಎನ್ನುವುದು ಅವಳ ಯೋಜನೆ.

"ಒಂದು ಮೂಟೆ ಸಿಮೆಂಟೂ ಬೇಡ್ವಾ?" ಎಂದು ನಮ್ಮವರು ಕೇಳಿದರು.

"ಬೇಡ ಅಪ್ಪ."

"ಒಂದು ಕಟ್ಟೆಗಾದ್ರೂ?"

"ಬೇಡ."

ಅವರು ಕನ್ನಡಕ ತೆಗೆದು ಒರೆಸಿಕೊಂಡು ಅಂಗಡಿಗೆ ಹೋದರು.

ತವರಿನಲ್ಲಿ ಈಗ ಇರುವುದು ನನ್ನ ಚಿಕ್ಕಮ್ಮ ಸಿದ್ದಗಂಗಮ್ಮ. ಊರಲ್ಲಿ ಅವರ ಮಾತೆಂದರೆ ಮಾತು. ಮೊಮ್ಮಗಳು ಬಿಸಿಲಲ್ಲಿ ಟೇಪು ಹಿಡಿದು ಓಡಾಡುವುದನ್ನು ಕಂಡು ನನಗೆ ಫೋನು ಮಾಡಿದರು. "ಇದೇನಮ್ಮ, ನಿನ್ ಮಗಳು ನೆರಳಿಗೆ ಅಳತೆ ಹಿಡೀತಾವ್ಳೆ. ಮೈ ಉಸಾರಾಗೈತಾ?" ನಾನು ಸ್ಕಾಲರ್‌ಶಿಪ್ ಎಂದರೆ ಏನೆಂದು ಬಿಡಿಸಿ ಹೇಳಿದೆ. ಯಾರೋ ಗುರುತಿಲ್ಲದವರು, ತಮ್ಮ ತಾಯಿಯ ಹೆಸರಲ್ಲಿ, ಮುಂದೆ ಬರುವ ಯಾರೋ ಗುರುತಿಲ್ಲದ ಮಕ್ಕಳಿಗೆಂದು ಇಟ್ಟದ್ದು ಎಂದೆ. ಚಿಕ್ಕಮ್ಮ, "ಅಂದ್ರೆ ತೋಪು ಇಟ್ಟಂಗೆ ಬುಡು" ಎಂದರು.

ಅಷ್ಟು ಚೆನ್ನಾಗಿ ನನಗೆ ಹೇಳಲು ಬರುತ್ತಿರಲಿಲ್ಲ. ನನ್ನ ಕಾನ್ವೆಂಟ್ ಇಂಗ್ಲಿಷನ್ನೆಲ್ಲ ಖರ್ಚು ಮಾಡಿ ಅವಳ ಬರಹದ ಕಾಮಾಗಳನ್ನು ತಿದ್ದಿದ್ದಷ್ಟೇ ನನ್ನ ಸೇವೆ. ಅದು ಬಿಟ್ಟರೆ ಈ ಮರಗಳು. ಮಾದರಿಗೆಂದು ಅವಳು ತರಿಸಿದ್ದ ಪ್ಲಾಸ್ಟಿಕ್ ಮರಗಳು ಯಾವುದೋ ಹಿಮ ಬೀಳುವ ದೇಶದವು, ಚೂಪಾಗಿ ಗೋಪುರದಂತಿದ್ದವು. ಅವುಗಳ ಕೆಳಗೆ ನಮ್ಮ ಊರ ಹೆಂಗಸರು ಕೂರುವುದನ್ನು ನೆನೆಸಿಕೊಳ್ಳಲೂ ಆಗಲಿಲ್ಲ. ಚಿಕ್ಕಮ್ಮ ಕಳಿಸಿದ್ದ ಕೊತ್ತಂಬರಿಯಲ್ಲಿ ಗೊಂಚಲುಗಳು ಹಾಗೇ ಇದ್ದವು. ಒಂದನ್ನು ಎತ್ತಿ ಕೊಟ್ಟೆ. ಶಾಂಭವಿ ಅದನ್ನು ದೀಪಕ್ಕೆ ಹಿಡಿದಳು. ಮೇಜಿನ ಮೇಲೆ ಚುಕ್ಕಿ ಚುಕ್ಕಿಯಾಗಿ ಹೊಂಗೆಯ ನೆರಳೇ ಬಿತ್ತು. ಆಮೇಲೆ ರಾಗಿ ತೆನೆ ಹುಣಸೆಯಾಯಿತು, ಗಸಗಸೆ ಮರಳಾಯಿತು, ಕುಟ್ಟುವ ಕಲ್ಲುಗಳಿಗೆ ಒಂದೊಂದು ಕಡಲೆಬೇಳೆ. ನಡುವಿನ ಹೊಂಗೆಯ ತೆಂಕಣ ಕೊಂಬೆ ಹಿಂದಿನ ವರ್ಷದ ಗಾಳಿಗೆ ಮುರಿದಿತ್ತು. ಅವಳು ಉಗುರು ಕತ್ತರಿಯಿಂದ ಆ ಗೊಂಚಲಿನ ಒಂದು ಕಡ್ಡಿಯನ್ನೂ ಹಾಗೇ ಕತ್ತರಿಸಿದಳು.

ಮೊದಲ ಸುತ್ತಿನಲ್ಲಿ ಅವಳ ಕೆಲಸ ಆಯ್ಕೆಯಾಯಿತು. ಇನ್ನು ತೀರ್ಪುಗಾರರು ಬಂದು ಜಾಗವನ್ನೇ ಕಣ್ಣಾರೆ ನೋಡುವುದು ಬಾಕಿ. ಇಂಥ ದಿನ ಇಬ್ಬರು ಬರುತ್ತಾರೆಂದು ಶಾಂಭವಿ ಅಜ್ಜಿಗೆ ಫೋನು ಮಾಡಿ ತಿಳಿಸಿದಳು. ಅಷ್ಟೇ ತಿಳಿಸಿದಳು.

ಮುಂದಿನ ವರ್ಷದ ಯುಗಾದಿಯ ಆಸುಪಾಸು, ಮತ್ತೆ ಹುಣಸೆಯ ಸುಗ್ಗಿ. ಹೊಂಗೆಗಳು ಎಣ್ಣೆ ಸವರಿದಂಥ ಹೊಸ ಎಲೆ ಬಿಟ್ಟಿದ್ದವು. ನಮ್ಮವರು ನಮ್ಮನ್ನು ಬಿಟ್ಟು ಬರುತ್ತೇನೆಂದು ಕಾರು ತೆಗೆದರು, ಅಂಗಡಿ ಇದೆ, ನಿಲ್ಲುವುದಿಲ್ಲ ಎಂದು ದಾರಿಯುದ್ದಕ್ಕೂ ಹೇಳಿದರು. ಊರ ತಿರುವಿನಲ್ಲಿ ತೋಪು ಕಂಡಿತು. ಶಾಂಭವಿ ಮುಂದಿನ ಸೀಟನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಒಂದು ಒಣ ಎಲೆ ಇರಲಿಲ್ಲ. ತೋಪನ್ನು ಗುಡಿಸಿ, ಸಗಣಿನೀರು ಹಾಕಿ, ರಂಗೋಲಿ ಬಿಟ್ಟಿದ್ದರು. ಮರಗಳ ಬುಡಕ್ಕೆಲ್ಲ ಸುಣ್ಣ ಕೆಮ್ಮಣ್ಣಿನ ಪಟ್ಟೆ. ನಡುವೆ ಶಾಮಿಯಾನ, ಕೆಂಪು ಪ್ಲಾಸ್ಟಿಕ್ ಕುರ್ಚಿಗಳು, ಎಳನೀರಿನ ರಾಶಿ. ಇನ್ನು ಆ ಕಲ್ಲುಗಳು. ಕೂತಲ್ಲೇ ಸವೆದು ನೆಲಕ್ಕೆ ಕಚ್ಚಿಕೊಂಡಿದ್ದ ಆ ಕಲ್ಲುಗಳನ್ನೆಲ್ಲ ಕಿತ್ತು, ಸುಣ್ಣ ಬಳಿದು, ದಾರಿಯ ಅಂಚಿಗೆ ಬೆಳ್ಳಗೆ ಒಂದೇ ಸಾಲಾಗಿ ಜೋಡಿಸಿದ್ದರು. ನಮ್ಮ ಸಿಸ್ಟರ್ ಇದ್ದಿದ್ದರೆ ಇಡೀ ಊರಿಗೆ ಸೋಪಿನ ಡಬ್ಬಿ ಕೊಡುತ್ತಿದ್ದರು.

ಚಿಕ್ಕಮ್ಮ ಜರಿಯಂಚಿನ ಸೀರೆ ಉಟ್ಟು ನಿಂತಿದ್ದರು. "ಹೆಂಗೈತೆ ಮಗ? ಮೂರು ದಿನದಿಂದ ಇದೇ ಕೆಲ್ಸ. ನಿನ್ ಮಾನ ಹೋಗ್ಬಾರ್ದು ಅಂತ ಎಲ್ರಿಗೂ ಏಳಿ ಮಾಡಿಸ್ದೆ."

ಶಾಂಭವಿ ಬಿಳಿ ಕಲ್ಲಿನ ಸಾಲನ್ನು ತುದಿಯಿಂದ ತುದಿಗೆ ನೋಡಿದಳು. "ಚೆನ್ನಾಗಿದೆ ಅಜ್ಜಿ," ಎಂದಳು.

ತೀರ್ಪುಗಾರರು ಬಂದರು. ಒಬ್ಬರು ನೆರೆಗೂದಲಿನ ಮೇಡಂ, ಇನ್ನೊಬ್ಬರು ಎಳೆ ವಯಸ್ಸಿನ ಸರ್. ಹಾರ ಹಾಕಿಸಿಕೊಂಡು, ಎಳನೀರು ಕುಡಿದು, ಶಾಮಿಯಾನದಡಿ ಕೂತರು. ಹೆಂಗಸರೂ ಒಳ್ಳೆಯ ಸೀರೆಗಳಲ್ಲಿ ಎದುರಿನ ಕುರ್ಚಿಗಳಲ್ಲಿ ಕೈಕಟ್ಟಿ ಕೂತರು. ಮೇಡಂ ನಕ್ಷೆ ಬಿಡಿಸಿ, ಕನ್ನಡಕದ ಮೇಲಿಂದ ತೋಪನ್ನು ನೋಡಿದರು, ಮತ್ತೆ ನಕ್ಷೆ ನೋಡಿದರು. ನಕ್ಷೆಯಲ್ಲಿದ್ದ ಒಂದೂ ಕಲ್ಲು ಅಲ್ಲಿರಲಿಲ್ಲ.

"ಇದು ಯಾವಾಗಲೂ ಹೀಗೇ ಇರುತ್ತಾ?" ಎಂದು ಸರ್ ಕೇಳಿದರು.

ಇಡೀ ಊರು ಅವಳ ಬಾಯಿ ನೋಡುತ್ತಿತ್ತು. ಶಾಂಭವಿ ಹೇಳಿದಳು. "ಇಲ್ಲ ಸರ್. ನೀವು ಬರ್ತೀರಾ ಅಂತ ಇವರೆಲ್ಲ ಹಬ್ಬ ಮಾಡಿದಾರೆ." ಕಾರಿನ ಬಾಗಿಲು ಹಿಡಿದು ಹೊರಟು ನಿಂತಿದ್ದ ನಮ್ಮವರು ಬಾಗಿಲು ಮುಚ್ಚಿ ಹತ್ತಿರ ಬಂದರು.

ಬಿಸಿಲು ಏರಿತು. ಶಾಮಿಯಾನದಡಿ ಗಾಳಿಯಿಲ್ಲ, ಮೇಲಿನ ಬಟ್ಟೆ ಕಾದು ಧಗೆ ಇಳಿಯುತ್ತಿತ್ತು. ಮೇಡಂ ಸೆರಗಿನಿಂದ ಕತ್ತು ಒರೆಸಿಕೊಂಡರು. ಹೆಂಗಸರ ಸಾಲಿನಲ್ಲಿ ರತ್ನಮ್ಮ ಎಂಬಾಕೆ ಇದ್ದಳು, ಪಾವಗಡದ ಕಡೆಯಿಂದ ಮದುವೆಯಾಗಿ ಬಂದವಳು. ಅವಳು ಮೊದಲು ಕುರ್ಚಿಯಲ್ಲಿ ಆಚೀಚೆ ಸರಿದಾಡಿದಳು. ಆಮೇಲೆ ಎದ್ದೇಬಿಟ್ಟಳು.

"ಕೂತ್ಕೊಳೇ ರತ್ನಿ, ದೊಡ್ಡೋರವ್ರೆ," ಎಂದರು ಚಿಕ್ಕಮ್ಮ.

"ನಂಗಾಗಾಕಿಲ್ಲ ಕಣಮ್ಮ, ಬೆಂದೋಗ್ತೀನಿ. ಸಂಜೀಕೆ ಹಣ್ಣಿನ ಗಾಡಿ ಬತ್ತದೆ, ನಿಮ್ ಕುರ್ಚಿ ಬಂದು ಕುಟ್ಕೊಡ್ತದಾ?" ಎಂದವಳು ತೀರ್ಪುಗಾರರ ಕಡೆ ಕೈ ಬೀಸಿ, "ಇಟ್ಲಾ ರಾಂಡಮ್ಮ, ನೀಡ ಇಕ್ಕಡುಂದಿ" ಎಂದು ತವರಿನ ತೆಲುಗಿನಲ್ಲೇ ಕರೆದಳು. ಈ ಕಡೆ ಬನ್ನಿ, ನೆರಳು ಇಲ್ಲಿದೆ ಎಂದು.

ಅವಳು ನೇರ ಹೋಗಿದ್ದು ದಾರಿಯ ಅಂಚಿನ ಬಿಳಿ ಸಾಲಿಗೆ. ಬಗ್ಗಿ ಒಂದೊಂದೇ ಕಲ್ಲಿನ ಮೇಲೆ ಅಂಗೈ ಇಟ್ಟಳು. ಇದಲ್ಲ, ಇದು ಅತ್ತೆಮ್ಮಂದು, ಇದಲ್ಲ. ಒಂದರ ಗುಳಿಯಲ್ಲಿ ಅವಳ ಕೈ ನಿಂತಿತು. ಅದನ್ನೆತ್ತಿ ಸೊಂಟಕ್ಕೆ ಏರಿಸಿಕೊಂಡು ನಡುವಿನ ಹೊಂಗೆಯ ಬುಡಕ್ಕೆ ನಡೆದಳು. ಶಾಮಿಯಾನದ ಹಿಂದೆ ಸರಿಸಿಟ್ಟಿದ್ದ ಮೂಟೆಯಿಂದ ಒಂದು ಹಿಡಿ ಹುಣಸೆಹಣ್ಣು ತೆಗೆದು ನೀರಲ್ಲಿ ನೆನೆಸಿ, ಹಿತ್ತಾಳೆ ಬಿಂದಿಗೆ ತಿಕ್ಕುವ ಹಾಗೆ ತಿಕ್ಕಿದಳು. ಸುಣ್ಣ ನೊರೆಯಾಗಿ ಇಳಿಯಿತು, ಕೆಳಗಿನಿಂದ ಕಪ್ಪು ಕಲ್ಲು ಮಿಂಚಿಕೊಂಡು ಎದ್ದಿತು. ಆ ಹೊತ್ತಿಗೆ ಉಳಿದವರೂ ಎದ್ದಿದ್ದರು. ಅದು ನಂದು ಕಣೇ, ಬುಡು. ನಿಂದು ಬೆಳಗಿಂದು, ಇದು ಮಧ್ಯಾಹ್ನದ್ದು. ಲೇ, ನನ್ ಕಲ್ಲಿಗೆ ಸುಣ್ಣ ಬಳ್ದೋರ್ಯಾರೇ. ನೀನೇ ಅಲ್ವಾ ಬಳ್ದಿದ್ದು. ಒಬ್ಬೊಬ್ಬರೂ ತಮ್ಮ ಮಧ್ಯಾಹ್ನದ ಕಲ್ಲು ಹೊತ್ತು ಬಂದು, ಕಾಲಿನಿಂದ ಸಗಣಿ ಕೆರೆದು, ಕಿತ್ತ ಗುಂಡಿ ಹುಡುಕಿ ಅದರಲ್ಲೇ ಕೂರಿಸಿದರು. ಕುರ್ಚಿಗಳು ಖಾಲಿಯಾದವು. ತೋಪಿನ ತುಂಬ ಟಕ್ ಟಕ್ ಎಂದು ಕುಟ್ಟುವ ಸದ್ದು ಎದ್ದಿತು.

ಮೇಡಂ ನಕ್ಷೆ ಹಿಡಿದು ಹೊಂಗೆಯ ಕೆಳಗೆ ಬಂದು ನಿಂತಿದ್ದರು. ಕಾಗದದ ಮೇಲಿನ ಮಧ್ಯಾಹ್ನದ ಬಣ್ಣದ ಒಂದೊಂದು ಚುಕ್ಕೆಯೂ ಅವರ ಕಣ್ಣೆದುರಿನ ನೆಲದಲ್ಲಿ ತುಂಬುತ್ತಾ ಬಂತು. ಕಡೆಗೆ ಒಂದೇ ಚುಕ್ಕೆ ಖಾಲಿ ಉಳಿಯಿತು.

"ಇಲ್ಲಿ ಯಾರು?" ಎಂದು ಕೇಳಿದರು.

"ಅಜ್ಜಿ," ಎಂದಳು ಶಾಂಭವಿ.

ಚಿಕ್ಕಮ್ಮ ಬಿಳಿ ಸಾಲಿನಲ್ಲಿ ಇನ್ನೂ ಉಳಿದಿದ್ದ ತಮ್ಮ ಮಧ್ಯಾಹ್ನದ ಕಲ್ಲಿನ ಹತ್ತಿರ ಜರಿ ಸೀರೆಯಲ್ಲಿ ನಿಂತಿದ್ದರು. ಅವರ ಮುಖ ಸಣ್ಣದಾಗಿತ್ತು. ಏನೋ ತಪ್ಪಾಗಿದೆಯೆಂದು ಅವರಿಗೆ ಆಗ ಅರ್ಥವಾಗಿತ್ತು. ಶಾಂಭವಿ ಓಡಿಹೋಗಿ ಕಲ್ಲಿಗೆ ಕೈ ಹಾಕಿದಳು, ಏಳಲಿಲ್ಲ. ಆಗ ನಮ್ಮವರು ಮುಂದೆ ಬಂದರು. ಸಿಮೆಂಟು ಮೂಟೆ ಎತ್ತಿ ಅಭ್ಯಾಸವಿದ್ದ ಕೈ. ಕಲ್ಲನ್ನು ಎದೆಗೆ ಅವಚಿಕೊಂಡು, "ಎಲ್ಲಿ ಇಡಬೇಕಮ್ಮ?" ಎಂದು ಮಗಳನ್ನು ಕೇಳಿದರು. ಅವಳು ಕಾಲಿನಿಂದ ತೋರಿಸಿದಳು. ಇಟ್ಟು, ಒಂದು ಬೆರಳು ಈಚೆ ಸರಿಸಿ, "ಸರಿಯಾಯ್ತಾ?" ಎಂದರು. ಅವರ ಬಿಳಿ ಅಂಗಿಗೆಲ್ಲ ಸುಣ್ಣವಾಗಿತ್ತು. ಅದರ ಮೇಲೆ ಅದು ಕಾಣುತ್ತಿರಲಿಲ್ಲವೆನ್ನಿ. ಮೇಡಂ ಚಿಕ್ಕಮ್ಮನ ಪಕ್ಕದಲ್ಲಿ ನೆಲದ ಮೇಲೇ ಕೂತು, ಒಂದು ಹಣ್ಣು ಕೈಗೆ ತೆಗೆದುಕೊಂಡು, ಹೇಗೆ ಕುಟ್ಟುವುದು ಹೇಳಿಕೊಡಿ ಎಂದರು. ಸಂಜೆ ನೆರಳು ಆಲದ ಮೂಡಲಿಗೆ ಸರಿಯುವ ತನಕ ಅವರು ಹೊರಡಲಿಲ್ಲ. ನಮ್ಮವರಿಗೆ ಅಂಗಡಿಯ ನೆನಪೂ ಬರಲಿಲ್ಲ.

ಸ್ಕಾಲರ್‌ಶಿಪ್ ಬಂದ ಸುದ್ದಿಯನ್ನು ಶಾಂಭವಿ ಅಂಗಡಿಗೇ ಹೋಗಿ ಹೇಳಿದಳು. ಅವರು ಕೇಳಿದ್ದು ಒಂದೇ ಮಾತಂತೆ, ಯಾವತ್ತು ಸೇರಬೇಕು ಎಂದು. ಮಧ್ಯಾಹ್ನ ಮೈಸೂರುಪಾಕಿನ ಪೊಟ್ಟಣ ಹಿಡಿದು ಮನೆಗೆ ಬಂದರು. ಈಗ ಅವಳು ದೂರದ ಊರಿನಲ್ಲಿ ಎರಡನೆಯ ವರ್ಷದಲ್ಲಿದ್ದಾಳೆ. ಮಗಳು ಏನು ಓದುತ್ತಿದ್ದಾಳೆಂದು ಯಾರಾದರೂ ಕೇಳಿದರೆ ನಮ್ಮವರು, "ನೆರಳು" ಎನ್ನುತ್ತಾರೆ. ಕೇಳಿದವರು ಇನ್ನೊಂದು ಪ್ರಶ್ನೆ ಕೇಳಲಿ ಎಂದು ಕಾಯುತ್ತಾರೆ.

ನಾನು ಕಾರ್ತಿಕದಲ್ಲಿ ಒಂದು ದೀಪ ಹೆಚ್ಚಿಗೆ ಹಚ್ಚುತ್ತೇನೆ. ಮಕ್ಕಳು ಯಾರ ಹೆಸರಲ್ಲಿ ಆ ಸ್ಕಾಲರ್‌ಶಿಪ್ ಇಟ್ಟರೋ ಆ ತಾಯಿಗೆ ಅರ್ಧ, ಹೆಸರೂ ಉಳಿಯದಂತೆ ತೋಪು ನೆಟ್ಟುಹೋದ ಹೆಂಗಸಿಗೆ ಅರ್ಧ. ಒಂದೇ ದೀಪವನ್ನು ಇಬ್ಬರಿಗೆ ಹಂಚುವುದು ಜಿಪುಣತನವೆಂದು ನಿಮಗೆ ಅನ್ನಿಸಬಹುದು. ಅವರಿಬ್ಬರೂ ಬೇಸರ ಮಾಡಿಕೊಳ್ಳುವವರಲ್ಲ ಎಂದು ನನಗನ್ನಿಸುತ್ತದೆ. ನಮ್ಮ ಗೇಟಿನ ಹತ್ತಿರದ ಹೊಂಗೆ ಹೂವು ಉದುರಿಸಿದರೆ ಈಗ ಪೊರಕೆ ಹಿಡಿಯುವುದಿಲ್ಲ. ಬುಡದಲ್ಲೇ ಬಿದ್ದು ಮಣ್ಣಾಗಲಿ ಎಂದು ಬಿಡುತ್ತೇನೆ. ಎದುರು ಮನೆಯವರು, "ಏನ್ರೀ, ಹುಷಾರಿಲ್ವಾ?" ಎಂದು ವಿಚಾರಿಸಿಕೊಂಡು ಹೋಗುತ್ತಾರೆ.

ಮೊರದಲ್ಲಿ ಸಿಕ್ಕ ಮರವನ್ನು ಕಿಟಕಿಯ ಅಂಚಿನಲ್ಲಿಟ್ಟು ಪುಡಿ ಹುರಿಯತೊಡಗಿದೆ. ಮಾದರಿ ಮರಳಿ ಬಂದ ದಿನ ಅದರಿಂದ ಉದುರಿದ್ದನ್ನು ಮೇಜು ಒರೆಸುವಾಗ ಕೊತ್ತಂಬರಿಯೆಂದು ತಿಳಿದು ಡಬ್ಬಿಗೆ ಹಾಕಿದ್ದಿರಬೇಕು, ಅಚ್ಚುಕಟ್ಟಿನ ಬಹುಮಾನ ಪಡೆದ ಕೈಯಲ್ಲವೇ. ಊಟಕ್ಕೆ ಬಂದ ನಮ್ಮವರು ಕೈ ತೊಳೆಯಲು ಹೋದವರು ಕಿಟಕಿಯ ಹತ್ತಿರ ನಿಂತರು.

"ಇದು ರತ್ನಮ್ಮನ ಮಧ್ಯಾಹ್ನದ ಹೊಂಗೆ ಅಲ್ವೇನೇ?"

"ನಿಮಗೆ ಹೇಗೆ ಗೊತ್ತಾಯ್ತು?"

"ತೆಂಕಣ ಕೊಂಬೆ ಇಲ್ಲ ನೋಡು. ಅಂಗಡಿಯಲ್ಲಿ ಇದರ ಜಾಗ ಖಾಲಿ ಇದೆ. ದಿನಾ ನೋಡ್ತೀನಿ."

ತೀರ್ಪುಗಾರರಿಂದ ಮರಳಿ ಬಂದ ಆ ಮಾದರಿಯನ್ನು ಅವರು ಗಾಜಿನ ಪೆಟ್ಟಿಗೆ ಮಾಡಿಸಿ ಗಲ್ಲಾದ ಪಕ್ಕ ಇಟ್ಟುಕೊಂಡಿದ್ದಾರೆ, ಅದು ನನಗೆ ಗೊತ್ತಿತ್ತು. ಒಂದು ಮರ ಕಡಿಮೆಯಿರುವುದು ಗೊತ್ತಿರಲಿಲ್ಲ. ಊಟವಾದ ಮೇಲೆ ಅವರು ಮರವನ್ನು ಎರಡು ಬೆರಳಲ್ಲಿ ಎತ್ತಿ, ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕ ನೆಟ್ಟಗೆ ನಿಲ್ಲಿಸಿಕೊಂಡರು. ನಾನು ಬಾಗಿಲಿಗೆ ಬಂದು ನೋಡುತ್ತಿದ್ದೆ. ಎದುರಿಗೆ ಬೆಟ್ಟದ ಬಂಡೆ ಕಾದ ಹೆಂಚಿನಂತಿತ್ತು, ಬೀದಿಯಲ್ಲಿ ಬಿಸಿಲು ಬಿಟ್ಟರೆ ಯಾರೂ ಇಲ್ಲ. ಕೊಡೆ ತೆಗೆದುಕೊಂಡು ಹೋಗಿ ಎಂದೆ, ಕೇಳಿಸಲಿಲ್ಲ. ಗೇಟು ದಾಟುವಾಗ ಅವರು ಒಂದು ಅಂಗೈಯನ್ನು ತಮ್ಮ ನೆತ್ತಿಗಲ್ಲ, ಆ ಜೇಬಿನ ಮೇಲೆ ಅಡ್ಡ ಹಿಡಿದಿದ್ದರು.